ಫಾಸ್ಟಿನಾಳ ಕತ್ತಿನ ಗೆರೆ

ಹಿರಿಸೊಸೆಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಕುರ್ಚಿಯ ದೆಸೆಯಿಂದ.

ಮಾವನ ಹಳೆಯ ನಾಣ್ಯಗಳ ಅಂಗಡಿಯಲ್ಲಿ ಕಿಟಕಿ ಪಕ್ಕ ಇದ್ದದ್ದು ಅದೊಂದೇ ಕುರ್ಚಿ. ಮದುವೆಯಾಗಿ ಬಂದ ಹೊಸದರಲ್ಲಿ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದವಳು, ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯ ಗುರುತಿಸುವುದನ್ನು ಮಾವನಿಂದ ಕಲಿತು ಆ ಕುರ್ಚಿಗೆ ಏರಿದ್ದಳು. ವಾರಗಿತ್ತಿಗೆ ಆ ವಿದ್ಯೆ ಹೇಳಿಕೊಟ್ಟವಳೂ ಅವಳೇ.

"ಫಾಸ್ಟಿನಾ ಅನ್ನೋದು ರೋಮ್ ರಾಣಿಯರಲ್ಲಿ ತಾಯಿ ಹೆಸರೂ ಹೌದು, ಮಗಳ ಹೆಸರೂ ಹೌದು. ತುರುಬು ನೋಡು. ನೆತ್ತಿ ಮೇಲಿದ್ರೆ ತಾಯಿ, ಹಿಂದಕ್ಕೆ ಇಳಿದಿದ್ರೆ ಮಗಳು."

"ನಮ್ಮ ಅತ್ತೆ ತರ ಎಲ್ಲೆಂದರಲ್ಲಿ ಇದ್ರೆ, ಅಕ್ಕ?"

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು.

ಈಗ ನಗು ಎಲ್ಲಿಂದ ಬರಬೇಕು? ಮಾವ ಒಂದು ಬೆಳಿಗ್ಗೆ, "ಚಿಕ್ಕವಳ ಕಣ್ಣು ಚುರುಕು, ಕಿಟಕಿ ಹತ್ರ ಅವಳು ಕೂರಲಿ. ನಿನಗೆ ಒಳಗಿನ ಮೇಜಿದೆ, ದೀಪ ಇದೆ" ಅಂದುಬಿಟ್ಟರು. ಆ ದೀಪವೋ ಕುಳ್ಳ. ಬೆಳಕು ಕೆಳಗಿನಿಂದ ಮೇಲಕ್ಕೆ ಹಾಯುತ್ತಿತ್ತು. ಅದನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು.

ಆ ವಾರವೇ ಗಿರಾಕಿಯೊಬ್ಬ ಅಜ್ಜನ ಕಾಲದ ಚಿನ್ನದ ನಾಣ್ಯ ತಂದ. "ಅಸಲಿ ಆದ್ರೆ ನೀವೇ ತಗೊಳ್ಳಿ. ನಕಲಿ ಆದ್ರೆ ಕರಗಿಸಿ ಮಗಳಿಗೆ ಓಲೆ ಮಾಡಿಸ್ತೀನಿ."

ಕಿರಿಯವಳು ತೂಗಿದಳು, ಅಂಚು ನೋಡಿದಳು, ಅಕ್ಷರ ಓದಿದಳು. "ತಾಯಿ ಫಾಸ್ಟಿನಾ, ಮಾವ. 'ದಿವಾ' ಅಂತಿದೆ, ಸತ್ತು ದೇವತೆ ಆದಮೇಲೆ ಅಚ್ಚು ಹೊಡೆದದ್ದು. ಅಸಲಿ."

ಮಾವ ತಲೆದೂಗಿದರು. ತನ್ನ ಮಾತಿಗೆ ಅವರು ಹಾಗೆ ತಲೆದೂಗಿದ್ದು ಯಾವಾಗ ಎಂದು ಹಿರಿಯವಳಿಗೆ ನೆನಪಾಗಲಿಲ್ಲ.

"ಕೊಡಿಲ್ಲಿ" ಎಂದು ನಾಣ್ಯವನ್ನು ತನ್ನ ಮೇಜಿಗೆ ಒಯ್ದಳು. ಫಾಸ್ಟಿನಾಳ ಕತ್ತಿನ ಮೇಲೆ ಕೂದಲೆಳೆಯಂಥ ಗೀರು. ಎಲ್ಲೋ ಕಂಡ ಹಾಗಿದೆಯಲ್ಲ! ಹಿಂದೆ ಮಾರಿದ್ದ ಇನ್ನೊಂದು ಫಾಸ್ಟಿನಾಳ ಫೋಟೋ ಹುಡುಕಿ ತೆಗೆದಳು. ಅದೇ ಜಾಗ, ಅದೇ ಗೆರೆ. ಹಾಲು ಕುಡಿದಷ್ಟು ಸಂತೋಷವಾಯಿತು.

"ಮಾವ, ಕೈಯಿಂದ ಕೈಗೆ ಹೋಗುವಾಗ ಬಿದ್ದ ಗೀರು ಎರಡು ನಾಣ್ಯದಲ್ಲಿ ಒಂದೇ ಕಡೆ ಬೀಳುತ್ತಾ? ಒಂದನ್ನ ನೋಡಿ ಇನ್ನೊಂದನ್ನ ಎರಕ ಹೊಯ್ದಿದ್ದಾರೆ. ನಕಲಿ."

ಕಿರಿಯವಳ ಮುಖ ಇಷ್ಟಾಯಿತು. ಮಾವ ಕನ್ನಡಕ ತೆಗೆದರು. "ನೀನು ಹೇಳಿದ ಮೇಲೆ ಮುಗೀತು. ಅವರಿಗೆ ಕಿಟಕಿ ಹತ್ರ ಗೀರು ತೋರಿಸಿ ವಾಪಸ್ ಕೊಟ್ಟುಬಿಡು. ಆ ಕುರ್ಚಿಗೂ ನೀನೇ ಸರಿ ಅನ್ಸುತ್ತೆ. ಚಿಕ್ಕವಳು ಇನ್ನೂ ಕಲೀಲಿ."

ಹಿರಿಯವಳು ತನ್ನ ಕುರ್ಚಿಯಲ್ಲಿ ಕೂತಳು. ನಾಣ್ಯವನ್ನು ಬೆಳಕಿಗೆ ಹಿಡಿದಳು. ಕಿಟಕಿಯ ಬೆಳಕು ಮೇಲಿನಿಂದ ಬಿದ್ದಾಗ ಗೆರೆ ತಗ್ಗಾಗಿರಲಿಲ್ಲ, ಉಬ್ಬಿತ್ತು. ಕೆಳಗಿನ ದೀಪ ಉಬ್ಬನ್ನೇ ತಗ್ಗಾಗಿ ತೋರಿಸಿ ಅವಳ ಕಣ್ಣು ಕಟ್ಟಿತ್ತು. ಉಬ್ಬಿದ ಗೆರೆ ಗೀರಲ್ಲ, ನಾಣ್ಯ ಹೊಡೆಯುವ ಅಚ್ಚೇ ಬಿರಿದು, ಆ ಬಿರುಕಿಗೆ ಚಿನ್ನ ನುಗ್ಗಿ ಮೂಡಿದ್ದು. ಒಂದೇ ಅಚ್ಚಿನಲ್ಲಿ ಹೊಡೆದ ಅಕ್ಕತಂಗಿಯರು ಇವು!

"ಎಲ್ಲಮ್ಮಾ ಗೀರು?" ಎಂದು ಗಿರಾಕಿ ಅಂಗೈ ಚಾಚಿದ.

ಒಂದು ಮಾತೂ ಆಡಬೇಕಿರಲಿಲ್ಲ. ಅವನ ಕೈಗೆ ಹಾಕಿದರೆ ಸಾಕಿತ್ತು, ಕುರ್ಚಿ ತನ್ನದು. ಅವಳು ಫಾಸ್ಟಿನಾಳ ನೆತ್ತಿಯ ತುರುಬನ್ನು ನೋಡಿದಳು. ನಾಳೆ ಅಕ್ಕಸಾಲಿಯ ಮೂಸೆಯಲ್ಲಿ ಅದು ಕರಗಿ ಹೋಗುತ್ತದೆ. ಬೆರಳು ಬಿಡಲಿಲ್ಲ.

"ಗೀರಿಲ್ಲ. ನಾನು ನೋಡಿದ್ದು ತಪ್ಪು. ಅಸಲಿ ನಾಣ್ಯ."

"ಅಯ್ಯೋ ಅಕ್ಕ, ನನಗೆ ಆ ಗೆರೆನೇ ಕಂಡಿರಲಿಲ್ಲ!" ಎಂದಳು ಕಿರಿಯವಳು.

"ಹಾಗಾದ್ರೆ ಚಿಕ್ಕವಳು ಹೇಳಿದ್ದೇ ಸರಿ" ಎಂದು ಮಾವ ಹಿಗ್ಗಿದರು.

ಮತ್ತೆ ಅದೇ ಉರಿ. ಹಿರಿಯವಳು ಎದ್ದು ಕುರ್ಚಿಯನ್ನು ವಾರಗಿತ್ತಿಯ ಕಡೆಗೆ ತಳ್ಳಿದಳು.

"ಕೂತ್ಕೋ ಮಹಾರಾಣಿ. ಮಾವ, ನನಗೆ ಎತ್ತರದ ದೀಪ ತರಿಸಿ. ಈಗಲೇ."