ಸೋಮವಾರ, ಗುರುವಾರ ನಿಲ್ಲುತ್ತಿದ್ದ ಟ್ರಕ್ಕು

ಥಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ ನಮ್ಮ ಗಾಡಿಯನ್ನು ಎಲ್ಲರೂ ಟೆಂಪೋ ಎನ್ನುತ್ತಿದ್ದರು. ನನ್ನ ಯಜಮಾನರು ಮಾತ್ರ ಟ್ರಕ್ ಎಂದೇ ಹೇಳುತ್ತಿದ್ದರು. ಎದುರಿಗೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಟಾರ್ಪಾಲು ಹೊದೆಸಿದ ತೆರೆದ ತೊಟ್ಟಿ, ಅಷ್ಟೆ. ನಾವು ಕೊಳ್ಳುವಾಗಲೇ ಅದಕ್ಕೆ ಹತ್ತು ವರ್ಷ ಆಗಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿ, ಬಾಗಿಲ ಅಂಚಿಗೆ ತುಕ್ಕು ಹಿಡಿದಿತ್ತು. ಮನೆಗೆ ತಂದ ದಿನ ಅವರು ಅದಕ್ಕೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರು.

"ಸಣ್ಣದಾದ್ರೆ ಏನಾಯ್ತು ಮಾರಾಯ್ತಿ, ಸಾಮಾನು ಹೊರ್ತದಲ್ಲ? ಸಾಮಾನು ಹೊರುವುದು ಟ್ರಕ್ಕೇ."

ಅವರು ಉಡುಪಿ ಕಡೆಯವರು, ಮನೆಮಾತು ತುಳು. ನಾನು ಕುಂದಾಪುರದಿಂದ ಆಚೆಯವಳು. ಹಾಗಾಗಿ ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಕನ್ನಡವೇ. ಎರಡು ಸಾವಿರದ ಐದೋ ಆರೋ ಇರಬೇಕು, ನಾನು ಮದುವೆಯಾಗಿ ಕಳವಾ ಊರಿನ ಎರಡು ಕೋಣೆಯ ಮನೆಗೆ ಬಂದಾಗ ಅವರು ಥಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಭಟ್ಟರು. ನಾನು ಬಂದು ತಿಂಗಳಾಗುವಷ್ಟರಲ್ಲಿ ಧಣಿಗಳು ಹೋಟೆಲು ಮಾರಿದರು. ಆ ಜಾಗದಲ್ಲಿ ಬಟ್ಟೆ ಅಂಗಡಿ ಬಂತು. ಡೊಂಬಿವಲಿಯಲ್ಲಿದ್ದ ಅತ್ತಿಗೆ, ಅಂದರೆ ನನ್ನ ಯಜಮಾನರ ಅಕ್ಕ, ಆಗ ನಗುನಗುತ್ತಲೇ ಒಂದು ಮಾತು ಹೇಳಿದ್ದರು: "ಸೊಸೆ ಒಳಗೆ ಬಂದಳು, ಹೋಟೆಲಿನ ಬಾಗಿಲು ಮುಚ್ಚಿತು." ನಾನೂ ನಕ್ಕಿದ್ದೆ.

ಅತ್ತಿಗೆ ಕೆಟ್ಟವರಲ್ಲ. ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದ ಮೇಲೆ ನಾವೇ ಇಡ್ಲಿ, ವಡೆ ಮಾಡಿ ನವಿ ಮುಂಬಯಿಯ ಕಂಪನಿಗಳ ಕ್ಯಾಂಟೀನಿಗೆ ಕೊಡಲು ಶುರುಮಾಡಿದಾಗ, ತಮ್ಮ ಮನೆಯ, ಇಡ್ಲಿ ಬೇಯಿಸುವ ದೊಡ್ಡ ಅಟ್ಟವನ್ನು ಲೋಕಲ್ ಟ್ರೈನಿನಲ್ಲಿ ತಾವೇ ಹೊತ್ತು ತಂದುಕೊಟ್ಟವರು ಅವರು. ಡೊಂಬಿವಲಿಯ ಬೆಳಗಿನ ಗರ್ದಿಯಲ್ಲಿ ಹೆಂಗಸರ ಬೋಗಿಗೆ ಅದನ್ನು ಹತ್ತಿಸುವುದೆಂದರೆ ಸಣ್ಣ ಕೆಲಸವಲ್ಲ.

ದಿನವೂ ಬೆಳಿಗ್ಗೆ ಏಳಕ್ಕೆ ಟ್ರಕ್ಕು ಹೊರಡುತ್ತಿತ್ತು. ವಿಟಾವಾ ದಾಟಿ, ದಿಘಾ, ಐರೋಲಿ, ರಬಾಳೆ, ಕೊನೆಗೆ ಮಹಾಪೆ. ಉಳಿದ ದಿನ ಅವರೊಬ್ಬರೇ ಹೋಗಿ ಪಾತ್ರೆ ಇಳಿಸಿ ಬರುತ್ತಿದ್ದರು. ಸೋಮವಾರ ಮತ್ತು ಗುರುವಾರ ಮಹಾಪೆಯ ಒಂದು ಕಂಪನಿಯಲ್ಲಿ ನಾವೇ ನಿಂತು ಬಡಿಸಬೇಕಿತ್ತು, ಆ ಎರಡು ದಿನ ನಾನೂ ಹತ್ತುತ್ತಿದ್ದೆ. ನನಗೆ ಅದು ವಾರದ ಹಬ್ಬ. ತಲೆಗೆ ಸ್ಕಾರ್ಫ್ ಕಟ್ಟಿ, ಕಿಟಕಿಗೆ ಮೊಣಕೈ ಊರಿ ಕೂತರೆ ಬಲಬದಿಗೆ ಖಾಡಿಯ ಹಿನ್ನೀರಿನ ಕಡೆಯಿಂದ ಉಪ್ಪಿನ ಗಾಳಿ ಬರುತ್ತಿತ್ತು, ಎಡಕ್ಕೆ ಗುಡ್ಡದ ಸಾಲು. ಊರಿನದ್ದೇ ಗಾಳಿ ಅನ್ನಿಸುತ್ತಿತ್ತು, ಕಾರ್ಖಾನೆಯ ವಾಸನೆ ಬರುವವರೆಗೆ.

ಆ ಟ್ರಕ್ಕು ನಿಲ್ಲಲು ಶುರುವಾದದ್ದು ಒಂದು ಬೇಸಿಗೆಯಲ್ಲಿ. ಓಡುತ್ತ ಓಡುತ್ತ ಸುಮ್ಮನಾಗಿಬಿಡುತ್ತಿತ್ತು. ಕೆಮ್ಮಿಲ್ಲ, ಹೊಗೆಯಿಲ್ಲ. ಅವರು ಪಕ್ಕಕ್ಕೆ ಉರುಳಿಸಿ ನಿಲ್ಲಿಸಿ, ಕೀಲಿ ತಿರುಗಿಸಿ ತಿರುಗಿಸಿ ಬೆವರುತ್ತಿದ್ದರು. ಅರ್ಧ ಗಂಟೆ ಕಳೆದು ಮೆಕ್ಯಾನಿಕ್ ಬಂದು ಕೀಲಿ ಮುಟ್ಟಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಸ್ಟಾರ್ಟ್ ಆಗುತ್ತಿತ್ತು. ಮೆಕ್ಯಾನಿಕ್ ನಮ್ಮಿಬ್ಬರ ಮುಖ ನೋಡುತ್ತಿದ್ದ. ಒಬ್ಬ ಫಿಲ್ಟರ್ ಬದಲಾಯಿಸಿದ. ಇನ್ನೊಬ್ಬ ಪ್ಲಗ್ ತೆಗೆದು ಹೊಸದು ಹಾಕಿದ. ಮತ್ತೊಬ್ಬ ಪೆಟ್ರೋಲಿನಲ್ಲಿ ನೀರಿದೆ ಎಂದು ಟ್ಯಾಂಕನ್ನೇ ಇಳಿಸಿ ತೊಳೆದ. ಅವರೆಲ್ಲ ಡೀಸೆಲ್ ಗಾಡಿಗಳಲ್ಲಿ ಪಳಗಿದವರು, ನಮ್ಮದು ಪೆಟ್ರೋಲು. ಕೊನೆಗೆ ಯಜಮಾನರು ಟಿಟ್ವಾಳಾಕ್ಕೆ ಹೋಗಿ ಗಣಪತಿಗೆ ಹರಕೆಯನ್ನೂ ಹೇಳಿ ಬಂದರು. ಮರುದಿನ ಸೋಮವಾರ. ಟ್ರಕ್ಕು ದಿಘಾದಲ್ಲಿ ನಿಂತಿತು.

ಒಂದು ಭಾನುವಾರ ಅತ್ತಿಗೆಯ ಮನೆಯಲ್ಲಿ ಊಟ. ಯಜಮಾನರು ಟ್ರಕ್ಕಿನ ಕತೆ ಹೇಳುತ್ತಿದ್ದರು. ಅತ್ತಿಗೆ ಬಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು, "ಯಾವ್ಯಾವ ದಿನ ನಿಲ್ಲುವುದು ಅದು?"

ಅವರು ಬೆರಳು ಮಡಚಿದರು. ಸೋಮವಾರ. ಗುರುವಾರ. ಮತ್ತೆ ಸೋಮವಾರ. ಮಡಚುತ್ತ ಮಡಚುತ್ತ ಅವರ ಬೆರಳು ನಿಧಾನವಾದದ್ದನ್ನು ನಾನು ನೋಡಿದೆ. ಅತ್ತಿಗೆ ದನಿ ತಗ್ಗಿಸಿ ತುಳುವಿನಲ್ಲಿ ತಮ್ಮನಿಗೆ ಏನೋ ಹೇಳಿದರು. ಅಷ್ಟು ವರ್ಷದಲ್ಲಿ ನನಗೆ ತುಳು ಅರ್ಥವಾಗದೆ ಇರುತ್ತದೆಯೇ? ಆ ದಿನ ಇವಳು ಹತ್ತುತ್ತಾಳಲ್ಲ, ಕಾಲ್ಗುಣ ನೋಡು, ಎಂದರು.

"ಸುಮ್ನಿರಿ ಅಕ್ಕ," ಎಂದರು ಯಜಮಾನರು. ಆದರೆ ಗಟ್ಟಿಯಾಗಿ ಹೇಳಲಿಲ್ಲ.

ವಾಪಸು ಬರುವಾಗ ಸ್ಲೋ ಟ್ರೈನಿನಲ್ಲಿ ಎದುರುಬದುರು ಸೀಟು ಸಿಕ್ಕಿತ್ತು. ಕೋಪರ್ ಹೋಯಿತು, ದಿವಾ ಹೋಯಿತು, ಮುಂಬ್ರಾ ಹೋಯಿತು. ಇವರು ಈಗ ಒಂದು ಮಾತು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. "ಏಳು, ಕಳವಾ ಬಂತು," ಎಂದರು.

ಮರುದಿನ, ಸೋಮವಾರ, ನಾನು ಸೊಂಟನೋವು ಎಂದೆ. ಅವರು ಮತ್ತೆ ಮತ್ತೆ ಕೇಳಲಿಲ್ಲ, ಒಬ್ಬರೇ ಹೋದರು. ಹತ್ತೂವರೆಗೆ ವಾಪಸಾದಾಗ ಮುಖ ಅರಳಿತ್ತು; ಟ್ರಕ್ಕು ನಿಂತಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಆ ಸಂತೋಷವನ್ನು ಅವರು ಒಳಗೆ ಬಚ್ಚಿಟ್ಟುಕೊಂಡರು. ಅತ್ತಿಗೆಯ ಮಾತಿಗಿಂತ ನನಗೆ ನೋವಾದದ್ದು ಅದು. ಹೋಟೆಲು ಮುಚ್ಚಿದ್ದು ನೆನಪಾಯಿತು. ಊರಲ್ಲಿ ನಾನು ಹುಟ್ಟಿದ ವರ್ಷ ನಮ್ಮ ದೋಣಿ ಒಡೆದದ್ದು ಎಂದು ಅಮ್ಮ ಯಾವಾಗಲೋ ಹೇಳಿದ್ದೂ ನೆನಪಾಯಿತು. ನಂಬುವುದಿಲ್ಲ, ನಂಬುವುದಿಲ್ಲ ಎನ್ನುತ್ತಲೇ ನಾನು ಲೆಕ್ಕ ಕೂಡಿಸತೊಡಗಿದ್ದೆ.

ನಮ್ಮ ಎರಡು ಮನೆ ಆಚೆ ಒಬ್ಬರು ಮರಾಠಿ ಕಾಕಾ ಇದ್ದರು. ಲೋಕಲ್ ಟ್ರೈನು ರಿಪೇರಿಯಾಗುವ ಕಳವಾ ಕಾರ್ ಶೆಡ್ಡಿನಲ್ಲಿ ಮೂವತ್ತು ವರ್ಷ ಇಲೆಕ್ಟ್ರಿಕ್ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗ ಬೇರೆ ಕಡೆ. ಗುರುವಾರವೂ ನಾನು ಮನೆಯಲ್ಲೇ ಇದ್ದದ್ದನ್ನು ನೋಡಿ ನಲ್ಲಿಯ ಹತ್ತಿರ ಕೇಳಿದರು, "ಕಾಯ್ ಝಾಲಂ ಪೋರಿ, ಏನಾಯ್ತು? ಗಾಡಿ ಹೋಯ್ತು, ನೀನು ಮನೆಯಲ್ಲಿ?" ಅವರ ಮಾತು ಅರ್ಧ ಮರಾಠಿ, ಅರ್ಧ ಹಿಂದಿ, ನನಗೆ ನೆನಪಿರುವುದು ಹೆಚ್ಚಾಗಿ ಕನ್ನಡದಲ್ಲೇ. ಪೋರಿ ಎಂದರೆ ಹುಡುಗಿ. ಮೂವತ್ತು ದಾಟಿದ ನನ್ನನ್ನು ಹಾಗೆ ಕರೆಯುವವರು ಆ ಊರಲ್ಲಿ ಅವರೊಬ್ಬರೇ. ಕೊಡ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

ಅವರು ನಗಲಿಲ್ಲ. "ಕಬ್ಬಿಣಕ್ಕೆ ಯಾರ ಕಾಲು ಅಂತ ಗೊತ್ತಾಗುವುದಿಲ್ಲ ಪೋರಿ," ಎಂದರು. "ಆದರೆ ಎರಡೇ ದಿನ ನಿಲ್ಲುತ್ತದೆ ಅಂದರೆ ಆ ಎರಡು ದಿನ ಏನೋ ಬೇರೆ ಇದೆ. ಸೋಮವಾರ ನಾನು ಬರುತ್ತೇನೆ."

ಸೋಮವಾರ ಅವರು ನನ್ನ ಜಾಗದಲ್ಲಿ ಕೂತು ಹೋದರು. ನಾನು ಮನೆಯಲ್ಲುಳಿದೆ. ಟ್ರಕ್ಕು ನಿಲ್ಲಲೇ ಇಲ್ಲ.

"ಕಾಕಾ ಕೂತ್ರೂ ನಿಲ್ಲಲಿಲ್ಲ," ಎಂದು ಯಜಮಾನರು ನನಗೆ ಹೇಳದೆ ಗೋಡೆಗೆ ಹೇಳುವ ಹಾಗೆ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಹ್ವಾಯ್, ನೀವೂ ಹಾಗೇ ಅಂದ್ಕಂಡ್ರ್ಯಾ?"

"ನಾನು ಎಂಥ ಹೇಳ್ಲಿ? ಮೆಕ್ಯಾನಿಕ್‌ಗಳಿಗೇ ಗೊತ್ತಾಗ್ಲಿಲ್ಲ."

"ಮೆಕ್ಯಾನಿಕ್ ಬೇಡ. ಇಲ್ಲ ಅಂತ ಒಂದು ಮಾತು ನೀವು ಹೇಳಿ."

ಅವರು ಗ್ರೈಂಡರಿನ ಕಲ್ಲು ಎತ್ತಿ ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಕಾಕಾ ಮಾತ್ರ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಬಂದು, "ಸೋಮವಾರ ಮಾಡಿದ್ದು ತಪ್ಪು. ನೀವಿಬ್ಬರೂ ಯಾವಾಗಲೂ ಹೇಗೆ ಹೋಗುತ್ತೀರೋ ಹಾಗೇ ಹೋಗಬೇಕು. ನಾನು ಹಿಂದೆ ಕೂರುತ್ತೇನೆ," ಎಂದು, ಅರವತ್ತು ದಾಟಿದ ಮನುಷ್ಯ, ಟಾರ್ಪಾಲಿನಡಿ ಇಡ್ಲಿ ಪಾತ್ರೆಗಳ ನಡುವೆ ಹತ್ತಿ ಕೂತರು. ಟೋಪಿ ಬೇರೆ ಹಾಕಿಕೊಂಡಿದ್ದರು.

ಐರೋಲಿ ಇನ್ನೂ ಬಂದಿರಲಿಲ್ಲ, ಟ್ರಕ್ಕು ಸುಮ್ಮನಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಾಕಾ ಇಳಿದು ಬಂದವರು ಮೊದಲು ಎಂಜಿನ್ ನೋಡಲಿಲ್ಲ. ಟ್ಯಾಂಕಿಗೆ ಕಿವಿ ಹಚ್ಚಿ, "ಚಾಬಿ ತಿರುಗಿಸು," ಎಂದರು. ಯಜಮಾನರು ತಿರುಗಿಸಿದರು. "ಮತ್ತೆ." ಮತ್ತೆ ತಿರುಗಿಸಿದರು. "ಪೆಟ್ರೋಲ್ ಎತ್ತುವ ಪಂಪ್ ಗುಂಯ್ ಅನ್ನಬೇಕು, ಅನ್ನುತ್ತಿಲ್ಲ. ಪಂಪಿಗೆ ಕರೆಂಟ್ ಬರುತ್ತಿಲ್ಲ. ಇದರ ರಿಲೇ ಎಲ್ಲಿದೆ?"

ರಿಲೇ ಎಂದರೆ ಏನೆಂದೇ ನಮಗೆ ಗೊತ್ತಿರಲಿಲ್ಲ. ಕಾಕಾ ವೈರುಗಳ ಜಾಡು ಹಿಡಿದು ನನ್ನ ಬದಿಯ ಬಾಗಿಲಿಗೆ ಬಂದು ನನ್ನ ಕಾಲ ಬಳಿ ಬಗ್ಗಿದರು. ಹಿರಿಯರು ಕಾಲ ಬಳಿ ಬಗ್ಗಿದ್ದಕ್ಕೆ ನನಗೆ ಮುಜುಗರವಾಗಿ ಇಳಿಯಹೊರಟೆ. "ಬೈಠ್, ಬೈಠ್," ಎಂದು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದರು. ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಗಳು ಎರಡು ಸಾಲಾಗಿದ್ದವು. ಒಂದನ್ನು ಮುಟ್ಟಿ ಥಟ್ಟನೆ ಕೈ ಹಿಂದೆಗೆದರು.

"ಅರೆ! ಯೇ ತೋ ತವಾ ಹೈ!" ಕಾದ ಕಾವಲಿಯಂತೆ ಸುಡುತ್ತಿತ್ತು ಅದು.

ಆಮೇಲೆ ಅವರ ಕಣ್ಣು ನನ್ನ ಎರಡು ಪಾದಗಳ ನಡುವೆ ನಿಂತಿತು. ಅಲ್ಲಿ ಸಾಂಬಾರಿನ ಸ್ಟೀಲ್ ಡ್ರಮ್ಮು ಇತ್ತು.

"ಇದರಲ್ಲಿ ಏನು?"

"ಸಾಂಬಾರು, ಕಾಕಾ."

"ದಿನವೂ ಇಲ್ಲೇ ಇಡುವುದಾ?"

"ನಾನು ಬಂದ ದಿನ ಮಾತ್ರ. ಒಂದು ಸಲ ಹಿಂದೆ ಇಟ್ಟದ್ದು ಹೊಂಡದಲ್ಲಿ ಮಗುಚಿತ್ತು. ಅದಕ್ಕೆ ನಾನು ಕಾಲಲ್ಲಿ ಒತ್ತಿ ಹಿಡ್ಕೊಳ್ತೇನೆ."

"ನೀನಿಲ್ಲದ ದಿನ?"

ಯಜಮಾನರು ಮೆಲ್ಲಗೆ ಹೇಳಿದರು, "ಪೀಛೆ. ರಸ್ಸೀ ಸೇ ಬಾಂಧ್ ಕೇ." ಅಂದರೆ ಹಿಂದಿನ ತೊಟ್ಟಿಯಲ್ಲಿ, ಹಗ್ಗದಿಂದ ಕಟ್ಟಿ.

ಕಾಕಾ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟರು. ಕೆಮ್ಮು ಬರುವವರೆಗೆ ನಕ್ಕರು. ನಗು ಮುಗಿದ ಮೇಲೆ ಬಿಡಿಸಿ ಹೇಳಿದರು. ಆ ಡಬ್ಬಿಯೇ ರಿಲೇ, ಅದರ ಮೂಲಕವೇ ಪಂಪಿಗೆ ಕರೆಂಟು ಹೋಗುವುದು. ಡಬ್ಬಿ ಹಳತಾಗಿ ಒಳಗಿನ ಬೆಸುಗೆ ಎಲ್ಲೋ ಬಿಟ್ಟಿದೆ. ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಕಾದರೆ ಬಿಟ್ಟುಕೊಳ್ಳುತ್ತದೆ. ಸಾಂಬಾರಿನ ಹಬೆ ಅರ್ಧ ದಾರಿ ನೇರ ಅದಕ್ಕೇ ಬಡಿಯುತ್ತಿತ್ತು. ಮೆಕ್ಯಾನಿಕ್ ಬರುವಷ್ಟರಲ್ಲಿ ಆರಿ ಸರಿಯಾಗುತ್ತಿತ್ತು.

"ಮತ್ತೆ ಈಗ?" ಎಂದರು ಯಜಮಾನರು, ಗಡಿಯಾರ ನೋಡುತ್ತ.

ಕಾಕಾ ಪಕ್ಕದ ಡಬ್ಬಿಯನ್ನು ಕಿತ್ತರು. ಅದು ಹಾರ್ನಿನದ್ದು, ಆಕಾರ ಅದೇ. ಪಂಪಿನ ಜಾಗದಲ್ಲಿ ಅದನ್ನು ಒತ್ತಿ ಕೂರಿಸಿ ಕೀಲಿ ತಿರುಗಿಸಲು ಹೇಳಿದರು. ಟ್ಯಾಂಕಿನಿಂದ ಗುಂಯ್ ಎಂದು ಸದ್ದು ಬಂತು, ಟ್ರಕ್ಕು ಎದ್ದಿತು.

ಥಾಣೆ-ಬೇಲಾಪುರ ರಸ್ತೆಯಲ್ಲಿ ಹಾರ್ನ್ ಇಲ್ಲದೆ ಗಾಡಿ ಓಡಿಸುವುದೆಂದರೆ ಏನೆಂದು ಆ ದಿನ ತಿಳಿಯಿತು. ಯಜಮಾನರು ಹೊರಗೆ ಕೈ ಚಾಚಿ ಬಾಗಿಲಿಗೆ ದಬದಬ ಬಡಿಯುತ್ತ, "ಓ ಭಾಯ್! ಬಾಜೂ!" ಎಂದು ಕೂಗಿ ದಾರಿ ಬಿಡಿಸುತ್ತಿದ್ದರು. ರಬಾಳೆಯ ತಿರುವಿನಲ್ಲಿ ಎಡಗಡೆಯಿಂದ ರಿಕ್ಷಾಗಳು ನುಗ್ಗಿದಾಗ ನಾನೂ ತಲೆ ಹೊರಗೆ ಹಾಕಿ, "ಬಾಜೂ! ಬಾಜೂ ಹೋ ಜಾವ್!" ಎಂದು ಕಿರುಚಿದೆ. ಬೀದಿಯಲ್ಲಿ ನಾನು ಅಷ್ಟು ದೊಡ್ಡ ದನಿ ತೆಗೆದದ್ದು ಹುಟ್ಟಿದ ಮೇಲೆ ಅದೇ ಮೊದಲು. ಒಬ್ಬ ರಿಕ್ಷಾದವನು ಹೆದರಿ ಫುಟ್‌ಪಾತಿಗೇ ಹತ್ತಿಸಿದ. ಯಜಮಾನರು ನನ್ನ ಕಡೆ ತಿರುಗಿ ನೋಡಿದರು. ಇಬ್ಬರಿಗೂ ನಗು ಬಂತು. ಹತ್ತು ಹನ್ನೆರಡು ದಿನದ ನಂತರ ಬಂದ ನಗು.

ಮನೆಗೆ ಬಂದ ಮೇಲೆ ಕಾಕಾ ಹಳೆ ಡಬ್ಬಿಯ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಿ, ಭೂತಗನ್ನಡಿ ಹಿಡಿದು ತೋರಿಸಿದರು. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು. ನಮ್ಮ ಮನೆಯೊಳಗೆ ಇಷ್ಟೆಲ್ಲ ಮಾಡಿದ್ದು ಇದೇನಾ ಎಂದು ನಾನು ತುಂಬ ಹೊತ್ತು ನೋಡಿದೆ. ಸಂಜೆ ಥಾಣೆಯಿಂದ ಹೊಸ ರಿಲೇ ತಂದರು. ಹಾಕಲು ಯಜಮಾನರು ಮುಂದಾದಾಗ ಕಾಕಾ ಅವರನ್ನು ತಡೆದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಕಾಲಿನ ಡಬ್ಬಿ, ಮೊದಲು ತಿರುಗುಮುರುಗಾಗಿ ಹಿಡಿದಿದ್ದೆ. ತಿರುಗಿಸಿ ಹೆಬ್ಬೆರಳಿನಿಂದ ಒತ್ತಿದೆ, ಕೂತಿತು. ಆಮೇಲೆ ಸಾಂಬಾರಿನ ಡ್ರಮ್ಮಿಗೆ ಹಿಂದೆಯೇ ಒಂದು ಮರದ ಚೌಕಟ್ಟು ಮಾಡಿಸಿದೆವು.

ಮರುದಿನ ಬೆಳಿಗ್ಗೆ ಪಾತ್ರೆ ತುಂಬಿ ಮುಗಿದಿತ್ತು. ಯಜಮಾನರು ಬಾಗಿಲಲ್ಲಿ ನಿಂತೇ ಇದ್ದರು.

"ಬರ್ತೀಯಾ?"

"ಇವತ್ತು ಶುಕ್ರವಾರ."

"ಗೊತ್ತುಂಟು."

ಅದಕ್ಕಿಂತ ಹೆಚ್ಚು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನಾನು ಸ್ಕಾರ್ಫ್ ಕಟ್ಟಿಕೊಂಡು ಹತ್ತಿದೆ. ಅಕ್ಕನಿಗೆ ಫೋನಿನಲ್ಲಿ ಅವರು ಏನು ಹೇಳಿದರೋ ನನಗೆ ತಿಳಿಯದು. ಮುಂದಿನ ಭಾನುವಾರ ಅತ್ತಿಗೆ ಪತ್ರೊಡೆ ಕಟ್ಟಿಕೊಂಡು ತಾವೇ ಕಳವಾಕ್ಕೆ ಬಂದರು. ಒಳಗೆ ಬರುವ ಮೊದಲೇ, "ಎಲ್ಲಿ ಅದು, ತೋರ್ಸು," ಎಂದರು. ಅವರನ್ನು ನನ್ನ ಜಾಗದಲ್ಲಿ ಕೂರಿಸಿ ತೋರಿಸಿದೆ. ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ, "ಇಷ್ಟು ಸಣ್ಣದಾ?" ಎಂದರು. ಸ್ವಲ್ಪ ಹೊತ್ತು ಇಳಿಯಲೇ ಇಲ್ಲ. ಆ ದಿನ ಊಟಕ್ಕೆ ಕೂತಾಗ ಪತ್ರೊಡೆಯ ನಡುಭಾಗದ ತುಂಡುಗಳನ್ನೆಲ್ಲ ನನ್ನ ತಟ್ಟೆಗೇ ಹಾಕಿದರು.

ಆ ಟ್ರಕ್ಕು ಮತ್ತೆ ನಾಲ್ಕು ವರ್ಷ ನಮ್ಮ ಹತ್ತಿರ ಇತ್ತು. ಅಷ್ಟೂ ವರ್ಷ ನಾನು ದಿನವೂ ಹೋದೆ. ಈಗ ನಾವು ಘೋಡಬಂದರ್ ರಸ್ತೆಯ ಕಡೆ ಎಂಟನೇ ಮಹಡಿಯಲ್ಲಿದ್ದೇವೆ, ಕ್ಯಾಂಟೀನು ನೋಡಿಕೊಳ್ಳಲು ಜನ ಇದ್ದಾರೆ. ಆದರೂ ನನಗೆ ಒಳ್ಳೆಯ ಕಾಲ ಎಂದರೆ ಆ ಸೀಟಿನಲ್ಲಿ ಕೂತ ಬೆಳಗುಗಳೇ.

ಟ್ರಕ್ಕನ್ನು ಮಾರುವ ಸ್ವಲ್ಪ ಮೊದಲು ಕಾಕಾ ಕಳವಾ ಬಿಟ್ಟರು. ಮಗ ಟಿಟ್ವಾಳಾದಲ್ಲಿ ಫ್ಲಾಟ್ ತೆಗೆದುಕೊಂಡಿದ್ದ. ಅವರ ಸಾಮಾನನ್ನು ನಾವೇ ಸಾಗಿಸಿದೆವು: ಒಂದು ಕಬ್ಬಿಣದ ಮಂಚ, ಕಪಾಟು, ಹೆಂಡತಿಯ ಹೊಲಿಗೆ ಯಂತ್ರ, ಎರಡು ಡಬ್ಬದ ತುಂಬ ಸ್ಕ್ರೂ, ನಟ್ಟು. ಕಲ್ಯಾಣಿನಲ್ಲಿ ಪತ್ರಿಪುಲ್ ಸೇತುವೆ ದಾಟಲು ಒಂದು ತಾಸು ಹಿಡಿಯಿತು. ಹೊಸ ಮನೆಯಲ್ಲಿ ಗ್ಯಾಸ್ ಇನ್ನೂ ಬಂದಿರಲಿಲ್ಲ. ನಾನು ಒಯ್ದಿದ್ದ ಇಡ್ಲಿಯನ್ನೇ ನಾಲ್ವರೂ ಸುತ್ತಿದ ಹಾಸಿಗೆಯ ಮೇಲೆ ಕೂತು ತಿಂದೆವು. ಕಾಕಾ ಕಿಟಕಿಯಿಂದ ಹೊರಗೆ ನೋಡಿ, "ಇಲ್ಲಿಂದ ಕಾರ್ ಶೆಡ್ ಕಾಣುವುದಿಲ್ಲ," ಎಂದರು. ಮಗ ಏನೋ ಸಮಾಧಾನ ಹೇಳಿದ. ನಾನು ಅವರ ತಟ್ಟೆಗೆ ಇನ್ನೆರಡು ಇಡ್ಲಿ ಹಾಕಿದೆ. ಬೇಡ ಬೇಡ ಎನ್ನುತ್ತಲೇ ತಿಂದರು.