ಸೋದರತ್ತೆ ಮೆಟ್ಟಿದ ಗಂಡಸರ ಮೆಟ್ಟು

ಮೊನ್ನೆ ಸೊಸೆ ನನ್ನ ಮೊಣಕಾಲಿಗೆ ಹಚ್ಚಲೆಂದು ಔಡಲೆಣ್ಣೆ ಬಿಸಿ ಮಾಡಿದಳು. ಆ ಜಿಡ್ಡು ವಾಸನೆ ಪಡಸಾಲೆಗೆ ಬಂದದ್ದೇ ತಡ, ಅದರ ಹಿಂದೆಯೇ ತೊಗಲಿನ ವಾಸನೆಯೂ ಬಂದಂತಾಯಿತು. ಈಗಿನ ಮನೆಯಲ್ಲಿ ತೊಗಲು ಎಲ್ಲಿಂದ ಬರಬೇಕು? ಮೊಮ್ಮಕ್ಕಳ ಚಪ್ಪಲಿಗಳೆಲ್ಲ ರಬ್ಬರಿನವು. ಆದರೆ ನನ್ನ ಮೂಗಿಗೆ ಈ ಎರಡು ವಾಸನೆಗಳನ್ನು ಬೇರೆ ಮಾಡಲು ಇವತ್ತಿಗೂ ಬರುವುದಿಲ್ಲ. ಹುಲಿಹೈದರದ ನಮ್ಮ ಹಳೆಯ ಮನೆಯ ಹಿತ್ತಲು, ಅಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತು ಒಂದು ಜೊತೆ ಗಂಡಸರ ಮೆಟ್ಟಿಗೆ ಎಣ್ಣೆ ತಿಕ್ಕುತ್ತಿದ್ದ ನಮ್ಮ ಸೋದರತ್ತೆ… ಸೊಸೆ ಏನೋ ಕೇಳುತ್ತಲೇ ಇದ್ದಳಂತೆ, ನಾನು ಹೂಂ ಅನ್ನಲಿಲ್ಲವಂತೆ.

ಅವರು ನನ್ನ ಗಂಡನಿಗೆ ಸೋದರತ್ತೆ, ಮಾವನವರ ಖಾಸಾ ಅಕ್ಕ. ಕನಕಗಿರಿಯ ಹತ್ತಿರದ ಒಂದು ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಮೈದುನ ಆ ಮನೆಯಲ್ಲಿ ಬಾಳಗೊಡಲಿಲ್ಲ, ತವರಿಗೆ ಬಂದರು. ನಾನು ಮದುವೆಯಾಗಿ ಬಂದಾಗ ಅವರಿಗೆ ತಲೆ ಅರ್ಧ ನರೆತಿತ್ತು. ಎತ್ತರದ ಆಳು, ದೊಡ್ಡ ದನಿ. ನಕ್ಕರೆ ಓಣಿಯ ಆ ತುದಿಗೆ ಕೇಳಬೇಕು. ನಾನು ಹೊಸದರಲ್ಲಿ ಅವರಿಗೆ ಹೆದರಿ ಮೂಲೆ ಸೇರುತ್ತಿದ್ದೆ. ಆಮೇಲಾಮೇಲೆ ಅಡುಗೆ ಮನೆಯಲ್ಲಿ ನಮ್ಮಿಬ್ಬರದೇ ರಾಜ್ಯವಾಯಿತು.

ಗಂಡ ಬಿಟ್ಟುಹೋದ ಒಂದು ಎರೆಹೊಲ ಅವರ ಪಾಲಿಗಿತ್ತು. ಗಂಡನನ್ನು ಮಣ್ಣು ಮಾಡಿದ್ದೂ ಆ ಹೊಲದ ಮೂಡಣ ಬದುವಿನ ಹತ್ತಿರವೇ. ನಮ್ಮಲ್ಲಿ ಹಾಗೇ, ಸತ್ತವರನ್ನು ಅವರವರ ಹೊಲದಲ್ಲೇ ಇಡುತ್ತಾರೆ. ಅಮಾವಾಸ್ಯೆಗೊಮ್ಮೆ ಸೋದರತ್ತೆ ಅಲ್ಲಿಗೆ ಹೋಗಿ ದೀಪ ಹಚ್ಚಿ, ಎಡೆ ಇಟ್ಟು ಬರುತ್ತಿದ್ದರು. ಒಂದು ವರ್ಷ ಮೈದುನ ಬದುವಿಗೆ ಮುಳ್ಳುಬೇಲಿ ಬಡಿದ. ಅತ್ತಿಗೆ ಹೊಲವನ್ನು ನನಗೇ ಒಪ್ಪಿಸಿದ್ದಾಳೆ, ಬಾಯಿಮಾತಿನಲ್ಲಿ ಆಗಿಹೋಗಿದೆ ಎಂದು ಗಂಗಾವತಿಯ ಕಚೇರಿಯಲ್ಲಿ ಅರ್ಜಿ ಹಾಕಿದ. ಸೋದರತ್ತೆ ಖುದ್ದಾಗಿ ಹೋಗಿ, ತಹಶೀಲ್ದಾರರ ಎದುರು ನಿಂತು, ಇಲ್ಲ ಅನ್ನಬೇಕಿತ್ತು. ಅನ್ನದಿದ್ದರೆ ಹೊಲ ಅವನದು.

ಅದಕ್ಕಿಂತ ಹೆಚ್ಚು ಚಿಂತೆ ಅವರಿಗೆ ಬೇರೆ ಇತ್ತು. “ಹೊಲ ಹೋದ್ರ ಹೋಗ್ಲಿ ಅನ್ನಬಹುದವ್ವಾ” ಅಂದಿದ್ದರು ಒಮ್ಮೆ ನನ್ನ ಮುಂದೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. “ನನ್ನ ಎಲ್ಲಿ ಇಡ್ತಾರ? ಅವರ ಮಗ್ಗಲ ಬಿಟ್ಟು ಬ್ಯಾರೆ ಎಲ್ಲಿ ಮಲಗಲಿ ನಾನು?”

ಗಂಗಾವತಿಗೆ ಹೋಗಬೇಕೆಂದರೆ ನಡೆದೇ ಹೋಗಬೇಕು. ನಮ್ಮ ಎತ್ತಿನ ಜೋಡಿಯಲ್ಲಿ ಒಂದು ಆ ಬೇಸಿಗೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು. ಮಾವನವರಿಗೆ ದಮ್ಮು, ಹೊಸ್ತಿಲು ದಾಟಿದರೆ ಏದುಸಿರು. ನನ್ನ ಗಂಡ ಕೊಪ್ಪಳದಲ್ಲಿ ಅರಳೆ ಗಿರಣಿಯ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬಂದರೆ ಬಂದರು. ಹೀಗಾಗಿ ಜೊತೆಗೆ ನಾನೇ ಹೊರಟೆ.

ಮೊದಲ ಸಲದ ಆ ನಡಿಗೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಕ್ಕ ಕಚೇರಿಗೆ ಹೋಗುತ್ತಾಳೆಂದು ಮಾವನವರು ಯಾರಿಗೋ ಹೇಳಿ ಹೊಸ ಮೆಟ್ಟು ತರಿಸಿದ್ದರು. ನೋಡಲು ಚೆಂದವೋ ಚೆಂದ! ತೆಳ್ಳನೆಯ ಅಟ್ಟೆ, ಉಂಗುಟದ ಮೇಲೆ ಕೆಂಪು ಗೊಂಡೆ. ಮುಂಜಾನೆ ಎದ್ದು ಹಾಕಿ ನೋಡಿದರು, ಸರಿಹೋಯಿತು. ಅದನ್ನೇ ಮೆಟ್ಟಿಕೊಂಡು ಹೊರಟೆವು. ಅರ್ಧ ದಾರಿ ಸಾಗುವಷ್ಟರಲ್ಲಿ ಬಿಸಿಲಿಗೆ ಕಾಲು ಬಾತು ಉಂಗುಟ ಕಚ್ಚಿ ರಕ್ತ ಬಂತು. ಅದರ ಮೇಲೆ ಊರೂರಿನ ಕಟ್ಟೆ. ಆಗ ಹೆಣ್ಣುಮಕ್ಕಳು ಹಿರಿಯರು ಕುಳಿತ ಕಟ್ಟೆಯ ಮುಂದೆ ಮೆಟ್ಟು ಹಾಕಿಕೊಂಡು ಹಾಯುವಂತಿರಲಿಲ್ಲ. ಕಟ್ಟೆ ಕಂಡಕೂಡಲೇ ಬಗ್ಗಿ ಮೆಟ್ಟು ಕಳಚಿ, ಸೆರಗಿನಲ್ಲಿ ಮುಚ್ಚಿ ಹಿಡಿದು, ಕಾದ ನೆಲದ ಮೇಲೆ ಲಗುಬಗೆಯಿಂದ ದಾಟಿ, ಮರೆಯಾದ ಮೇಲೆ ಮತ್ತೆ ಹಾಕಿಕೊಳ್ಳಬೇಕು. ಕಟ್ಟೆಯ ಮೇಲೆ ಒಬ್ಬ ಮುದುಕ ಮಲಗಿ ಗೊರಕೆ ಹೊಡೆಯುತ್ತಿದ್ದರೂ ಅದೇ ಮರ್ಯಾದೆ. ನನ್ನವು ತವರಿನಿಂದ ತಂದ ಹಳೆಯ ಮೆಟ್ಟು, ಹೇಗೋ ನಡೆಯಿತು. ಸೋದರತ್ತೆಯ ಬಾತ ಕಾಲು ಮಾತ್ರ ಪ್ರತಿ ಸಲವೂ ಒಳಗೆ ಹೋಗಲು ಹಟ ಮಾಡುತ್ತಿತ್ತು. ಕೊನೆಗೆ ಅವರು ಬರಿಗಾಲಲ್ಲೇ ನಡೆದರು. ಹಿಮ್ಮಡಿಗೆ ಜಾಲಿಮುಳ್ಳು ಹೊಕ್ಕಿತು.

ಕಚೇರಿ ಮುಟ್ಟಿದಾಗ ಜವಾನ ಅವರ ಹೆಸರು ಕೂಗಿ ಮುಗಿಸಿದ್ದ. ಮೈದುನ ಜರಿಯ ರುಮಾಲು ಸುತ್ತಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದ. “ನಮ್ಮ ಅತ್ತಿಗೇರಿಗೆ ಗಂಗಾವತಿ ಭಾಳ ದೂರ ಆತು ನೋಡ್ರಿ” ಎಂದು ಯಾರಿಗೋ ಹೇಳಿ ನಕ್ಕ. ಕಚೇರಿಯ ಕಾಗದಪತ್ರ ಬರೆಯುವ ಮುನ್ಶಿ ಒಳ್ಳೆಯವನಿರಬೇಕು, ಸೋದರತ್ತೆಯ ಕಾಲು ನೋಡಿ ಮತ್ತೊಂದು ಪೇಶಿ, ಅಂದರೆ ವಿಚಾರಣೆಯ ದಿನ, ಕೊಡಿಸಿದ. “ಅವತ್ತೂ ಹಾಜರಾಗಲಿಲ್ಲ ಅಂದ್ರ ಇಲ್ಲಿಗೆ ಖತಂ ಆತಮ್ಮಾ” ಎಂದ. ಸೋದರತ್ತೆ ತಲೆಯಾಡಿಸಿದರು. ಅಳಲಿಲ್ಲ. ಅವರು ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗಾಯ ಮಾಯ್ದ ಮೇಲೆ ಕನಕಗಿರಿಯ ಸಂತೆಗೆ ಹೋದೆವು. ಕಾಯಿಪಲ್ಲೆ, ಕಾಳುಕಡಿ ಎಲ್ಲ ಕೊಂಡರೂ ಸೋದರತ್ತೆ ಮೆಟ್ಟಿನ ಸಾಲಿನ ಕಡೆ ತಲೆ ಹಾಕಲಿಲ್ಲ. ಸಂತೆಯ ತುಂಬ ನನ್ನನ್ನು ಸುತ್ತಿಸಿದ್ದೇ ಸುತ್ತಿಸಿದ್ದು. ಹೊತ್ತು ಇಳಿಯುತ್ತ ಬಂದಾಗ, “ಈಗ ನಡಿ. ಈಗ ನನ್ನ ಕಾಲು ದಾರಿ ನಡದ ಕಾಲು ಆಗ್ಯಾವ” ಎಂದರು. ನಡೆದು ಬಾತ ಕಾಲಿಗೇ ಅಳತೆ ನೋಡಬೇಕೆಂದು ಸುತ್ತಿಸಿದ್ದರೆಂದು ಆಗ ನನಗೆ ತಿಳಿಯಿತು.

ಮೆಟ್ಟು ಮಾರುವಾತ ಸಾಲಾಗಿ ಹೆಂಗಸರ ಮೆಟ್ಟು ತೋರಿಸಿದ. ಸೋದರತ್ತೆ ಒಂದೊಂದನ್ನೂ ಎತ್ತಿ ಮಡಚಿ ನೋಡಿ ಇಳಿಸಿದರು. “ಇವು ಗುಡಿಗೆ ಹೋಗಿ ಬರಾಕ ಛಲೋ ಅದಾವಪ್ಪಾ. ನನಗ ಗಂಗಾವತಿ ಮುಟ್ಟೂವಂಥವು ಬೇಕು.” ಹಾಗೆಂದವರು ಬದಿಗೆ ನೇತು ಹಾಕಿದ್ದ ಕುರಿ ಕಾಯುವವರ ಮೆಟ್ಟನ್ನು ತೋರಿಸಿದರು. ಎರಡು ಪದರು ಅಟ್ಟೆ, ಅಗಲ ಮೂತಿ, ಹಿಮ್ಮಡಿಗೆ ಪಟ್ಟಿ.

“ಅವು ಗಂಡಸರವ್ರೀ ಯವ್ವಾ. ಯಾರ ಸಲುವಾಗಿ?”

“ನನ್ನ ಕಾಲಿನ ಸಲುವಾಗಿ. ಮುಳ್ಳಿಗೇನು ಹೆಣ್ಣು ಗಂಡು ಗೊತ್ತೈತೇನು?”

ಆತ ನಕ್ಕುಬಿಟ್ಟ. ಒಂದು ಜೊತೆ ಇಳಿಸಿ ಕೊಟ್ಟ. ಅವರು ಅದನ್ನು ಹಾಕಿಕೊಂಡು ನಿಂತಲ್ಲಿ ನಿಲ್ಲಲಿಲ್ಲ. ಸಂತೆಯ ಕಲ್ಲುಮಣ್ಣಿನಲ್ಲಿ ಆ ತುದಿಗೆ ಹೋಗಿ ಬಂದರು, ಇಳಿಜಾರು ಹುಡುಕಿ ಇಳಿದರು, ಬೆರಳು ಮುಂದೆ ತಾಗುತ್ತವೆಯೋ ಎಂದು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಳಿನ ಗಂಟನ್ನು ತಮ್ಮ ತಲೆಯ ಮೇಲೆ ಇರಿಸಿಕೊಂಡು ಮತ್ತೊಮ್ಮೆ ನಡೆದರು. ಸಂತೆಯ ಜನ ಸುತ್ತ ನಿಂತು ನೋಡುತ್ತಿದ್ದರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನಿಸಿತ್ತು. ಆ ಜೊತೆ ಒಲ್ಲೆ ಎಂದು ಇನ್ನೊಂದು, ಅದೂ ಒಲ್ಲೆ ಎಂದು ಮತ್ತೊಂದು… ಕೊನೆಗೆ ಒಂದನ್ನು ಮೆಟ್ಟಿ, “ಹಾಂ, ಇದು ಕಾಲಿನ ಮಾತು ಕೇಳತೈತಿ” ಎಂದರು. ಹೆಜ್ಜೆ ಇಟ್ಟಾಗಲೆಲ್ಲ ಅದು ಕಿರ್ರಕ್ ಕಿರ್ರಕ್ ಎನ್ನುತ್ತಿತ್ತು. ನಮ್ಮ ಕಡೆಯ ಗಂಡಸರಿಗೆ ಆ ಸದ್ದು ಬಲು ಷೋಕಿ. ನಾನು ಗಾಬರಿಯಾಗಿ, “ಅತ್ತಿ, ಸಪ್ಪಳ ಮಾಡತಾವ” ಎಂದೆ. “ಮಾಡ್ಲಿ ಬಿಡು” ಎಂದರು.

ಅಂದಿನಿಂದ ಪೇಶಿಯವರೆಗೆ ದಿನಾ ಹಿತ್ತಲಲ್ಲಿ ಔಡಲೆಣ್ಣೆಯ ಉಪಚಾರ. ಎಣ್ಣೆ ತಿಕ್ಕಿ ಬಿಸಿಲಿಗಿಡುವುದು, ಮೆಟ್ಟಿಕೊಂಡು ಬಾವಿಗೆ ಹೋಗಿ ತುಂಬಿದ ಕೊಡ ಹೊತ್ತು ಬರುವುದು, ಎಲ್ಲಿ ಕಚ್ಚಿತೋ ಅಲ್ಲಿ ಮತ್ತೆ ಎಣ್ಣೆ. ಮನೆಯವರಿಗೆಲ್ಲ ನಗೆಯೋ ನಗೆ. ನಕ್ಕವರನ್ನು ಅವರೂ ನಗುತ್ತಲೇ ಬೈಯುತ್ತಿದ್ದರು. ಮಾವನವರು ಮಾತ್ರ ನಗಲಿಲ್ಲ. “ಅಕ್ಕಾ, ಗಂಡಸರ ಮೆಟ್ಟು, ಅದೂ ಕಿರಗುಡತಾವ. ಕಟ್ಟಿ ಮುಂದ ಹೆಂಗ ಹೋಗ್ತಿ?” ಎಂದು ಕೇಳಿದರು. ಸೋದರತ್ತೆ ತಲೆ ಎತ್ತದೆ, “ನಡಕೊಂತ” ಎಂದರು.

ಈ ಸಲ ಹಿಂದಿನ ದಿನವೇ ಊಟ ಮಾಡಿ ಹೊರಟೆವು, ಕನಕಗಿರಿಯಲ್ಲಿ ಬೀಗರ ಮನೆಯಲ್ಲಿ ಉಳಿದು ಮುಂದೆ ಹೋಗುವುದೆಂದು. ನಮ್ಮೂರ ಕಟ್ಟೆ ಊಟ ಮಾಡಿ ಬಂದ ಹಿರಿಯರಿಂದ ತುಂಬಿತ್ತು. ಕಟ್ಟೆ ಹತ್ತಿರಾಗುತ್ತಲೇ ನಾನು ರೂಢಿಯಂತೆ ಬಗ್ಗಿದೆ. ಸೋದರತ್ತೆ ನನ್ನ ರಟ್ಟೆ ಹಿಡಿದರು. “ಬಗ್ಗಬ್ಯಾಡ. ಮುಂದ ನೋಡಿ ನಡಿ.” ಕಿರ್ರಕ್ ಕಿರ್ರಕ್ ಎಂದು ಅವರು ಮುಂದೆ, ಹಿಂದೆ ನಾನು. ಕಟ್ಟೆಯ ಮೇಲಿನವರೆಲ್ಲ ನಮ್ಮ ಕಡೆ ತಿರುಗಿದರು.

“ಏನ್ ತಂಗೀ, ಕಾಲಾಗಿಂದು ಕಾಲಾಗ ಉಳೀತಲ್ಲಾ?” ಎಂದರು ಎಲ್ಲರಿಗೂ ಹಿರಿಯರಾದವರು.

ಸೋದರತ್ತೆ ನಿಂತರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. “ಕಚೇರಿಗೆ ಹೊಂಟೀನ್ರಿ ಯಪ್ಪಾ. ಹೋದ ಸಲ ಊರೂರ ಕಟ್ಟಿಗೆ ಮರ್ಯಾದಿ ಕೊಟ್ಕೊಂತ ಹೋಗಿ ಗಂಡನ ಗೋರಿ ಕಳಕೊಳ್ಳೂ ಹೊತ್ತು ಬಂದಿತ್ತು. ಈ ಸಲ ಕಳಚೂದಿಲ್ರಿ. ಹೊಲಾ ನನ್ನದಾತಂದ್ರ ಬರಿಗಾಲಿಲೆ ಬಂದು ನಿಮ್ಮ ಪಾದಾ ಮುಟ್ಟತೀನಿ. ಆಗಲಿಲ್ಲಂದ್ರ ಈ ಮೆಟ್ಟೀಲೆ ಬೇಕಾದ್ದು ಶಿಕ್ಷಾ ಕೊಡ್ರಿ.”

ಹಿರಿಯರು ಬಹಳ ಹೊತ್ತು ಅವರ ಕಾಲನ್ನೇ ನೋಡಿದರು. ಕೊನೆಗೆ, “ಹೋಗವಾ, ಹೊತ್ತಾಗತೈತಿ” ಎಂದರು, ಅಷ್ಟೇ. ಅಲ್ಲಿಂದ ಮುಂದೆ ದಾರಿಯ ಯಾವ ಕಟ್ಟೆಯ ಮುಂದೆಯೂ ನಾನು ಬಗ್ಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಡೆಯುವುದಕ್ಕೂ ರೂಢಿ ಬೇಕು, ಆ ದಾರಿಯಲ್ಲಿ ನನಗೆ ಅದು ಆಯಿತು.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾವು ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದ್ದೆವು. ಮೈದುನ ಬಂದ. ನಮ್ಮನ್ನು ಕಂಡು ನಿಂತ. ಅವನ ಕಣ್ಣು ಮೊದಲು ಹೋದದ್ದು ಸೋದರತ್ತೆಯ ಮುಖಕ್ಕಲ್ಲ, ಕಾಲಿಗೆ. “ಬಾರಪ್ಪಾ, ಊಟಾ ಮಾಡು” ಎಂದು ಸೋದರತ್ತೆ ಕರೆದರು. ಅವನು ಬರಲಿಲ್ಲ. ಜರಿಯ ರುಮಾಲು ಆ ದಿನವೂ ಇತ್ತು, ಆದರೆ ಯಾಕೋ ಸಣ್ಣದಾಗಿ ಕಂಡಿತು ನನಗೆ.

ಆಗ ಸರ್ಕಾರದ ಭಾಷೆಯೇ ಉರ್ದು, ಒಳಗಿನ ಮಾತೆಲ್ಲ ಅದರಲ್ಲೇ. ಮುನ್ಶಿ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದ. ಈಕೆಗೆ ವಯಸ್ಸಾಗಿದೆ, ಮನೆಯಿಂದ ಹೊರಬೀಳುವ ಶಕ್ತಿ ಇಲ್ಲ, ಹೊಲ ಹೇಗೆ ನೋಡಿಕೊಂಡಾಳು ಎಂದು ಮೈದುನ ಬರೆಸಿದ್ದನಂತೆ. ತಹಶೀಲ್ದಾರರು ಕನ್ನಡಕದ ಮೇಲಿಂದ ನೋಡಿ ಏನೋ ಕೇಳಿದರು. “ಹೆಂಗ ಬಂದ್ರಿ ಅಂತ ಕೇಳ್ತಾರ” ಎಂದ ಮುನ್ಶಿ.

“ಹುಲಿಹೈದರದಿಂದ ನಡಕೊಂತ ಬಂದೀನ್ರಿ. ಸಂಜೀಗೆ ನಡಕೊಂತ ತಿರುಗಿ ಹೋಗ್ತೀನಿ. ಹೊಲಾ ನಾನು ಯಾರಿಗೂ ಒಪ್ಪಿಸಿಲ್ರಿ.”

ತಹಶೀಲ್ದಾರರು ಮೈದುನನ ಕಡೆ ತಿರುಗಿ ಒಂದೇ ಮಾತು ಅಂದರು. ಏನಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುನ್ಶಿ ಮಾತ್ರ ನಗು ಮುಚ್ಚಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಹೊಲ ಸೋದರತ್ತೆಯ ಹೆಸರಿನಲ್ಲೇ ಉಳಿಯಿತು.

ಊರಿಗೆ ಮರಳಿದವರು ಮನೆಗೆ ಹೋಗಲಿಲ್ಲ. ನೇರ ಕಟ್ಟೆಗೆ ನಡೆದು, ಮೆಟ್ಟು ಕಳಚಿ ಬದಿಗಿಟ್ಟು, ಮಾತು ಕೊಟ್ಟಂತೆ ಹಿರಿಯರ ಪಾದ ಮುಟ್ಟಿದರು. ಆಮೇಲೆ ಅದೇ ಕಟ್ಟೆಯ ಅಂಚಿಗೆ ಕುಳಿತು, ಎಲ್ಲರೂ ನೋಡುತ್ತಿದ್ದಂತೆ, ಮೆಟ್ಟು ಹಾಕಿಕೊಂಡು ಎದ್ದರು. ಹಿರಿಯರಿಗೆ ನಗು ತಡೆಯಲಾಗಲಿಲ್ಲ. ನಾನಂತೂ ಆ ಗಳಿಗೆಯಲ್ಲಿ ಆ ಮನೆತನದ ಸೊಸೆ ಎಂದು ಉಬ್ಬಿಹೋದೆ. ನಮ್ಮ ಮನೆಯ ಗಂಡಸರು ಮೀಸೆ ಮೇಲೆ ಕೈ ಹಾಕಿಕೊಂಡು ಹೇಳುವ ಸಂಗತಿಗಳು ಬೇಕಾದಷ್ಟಿವೆ. ಈ ಒಂದರ ಮುಂದೆ ಅವು ಯಾವುವೂ ನಿಲ್ಲುವುದಿಲ್ಲ ಎಂದು ನಾನು ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ.

ಅವರು ತೀರಿಕೊಂಡಾಗ ನಾನು ಹತ್ತಿರ ಇರಲಿಲ್ಲ. ಹೆರಿಗೆಗೆಂದು ಕುಷ್ಟಗಿಯ ತವರಿನಲ್ಲಿದ್ದೆ. ಹಸಿ ಬಾಣಂತಿಯನ್ನು ಯಾರೂ ಕಳಿಸಲಿಲ್ಲ… ಮುಖ ನೋಡಲಿಲ್ಲವೆಂಬ ಸಂಕಟ ಹೋಗುವಂಥದ್ದಲ್ಲ. ಅವರ ಹೊಲದಲ್ಲೇ, ಗಂಡನ ಮಗ್ಗುಲಿಗೇ ಇಟ್ಟರೆಂದು ಆಮೇಲೆ ಮಾವನವರು ಹೇಳಿದರು. ಹೇಳುತ್ತ ಅತ್ತರು, ನಾನೂ ಅತ್ತೆ.

ಹೋದ ತಿಂಗಳು ಮಗ ನನ್ನನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಅಲ್ಲಿಗೆ ಹೋಗಿದ್ದ. ಈಗ ದಾರಿಯೆಲ್ಲ ಡಾಂಬರು, ಕಟ್ಟೆಗಳು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಬದುವಿನ ಹತ್ತಿರ ಕಳೆ ತೆಗೆಯುತ್ತಿದ್ದ ಹುಡುಗಿಯೊಬ್ಬಳು ನನಗೆ ಕೈ ಆಸರೆ ಕೊಟ್ಟು ಕರೆದೊಯ್ದಳು. ಎರಡು ಕಲ್ಲಿನ ಗೋರಿಗಳು, ಒಂದಕ್ಕೊಂದು ತಾಗಿಕೊಂಡು. ನಾನು ಅಷ್ಟು ಹೊತ್ತು ನಿಂತದ್ದು ನೋಡಿ ಅವಳು ಕೇಳಿದಳು:

“ಯಾರ್ದಿದು ಅಮ್ಮಾ? ನಿಮ್ಮ ಪೈಕಿಯವರ್ದೇನ್ರಿ?”

ನನ್ನ ದನಿ ಜೋರಾಗಿಯೇ ಬಂತು.

“ನಮ್ಮ ಸೋದರತ್ತಿದು. ಆಕಿ ಜೋಡಿ ಗಂಗಾವತಿ ಮಟ ನಡದಾಕಿ ನಾನು.”