ಮೊದಲು ಹಗ್ಗ, ಆಮೇಲೆ ಕೊಡ

ಎರಡು ಸಾವಿರದ ಏಳರ ಚಳಿಗಾಲ. ಹೊಸೂರಿನಲ್ಲಿ ಮೊದಲ ಪಾಳಿಯ ಬಸ್ಸುಗಳು ಇನ್ನೂ ಬಂದಿಲ್ಲ. ನಾರಾಯಣಮ್ಮ ಆಗಲೇ ಕಾರ್ಖಾನೆಯೊಳಗೆ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೂತಿದ್ದಾರೆ ಅನ್ನುವುದೂ ಸುಳ್ಳೇ. ಎರಡು ಸಾಲು ಓದುತ್ತಾರೆ, ಎದ್ದು ಪ್ಯಾಕಿಂಗ್ ಮಿಷನ್ನಿನ ಸುತ್ತ ಒಂದು ಸುತ್ತು ಹಾಕುತ್ತಾರೆ, ಮತ್ತೆ ಕೂರುತ್ತಾರೆ. ತಂದ ಟೀ ಆರಿ ಕೆನೆಗಟ್ಟಿದೆ.

ಮಿಷನ್ನಿನ ಯಾವ ಕೆಲಸ ಯಾವಾಗ ನಡೆಯಬೇಕೆಂದು ಒಳಗಿಂದ ಹೇಳುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಡಲು. ಇವರು ಬರೆಯುವುದು ಅದನ್ನು. ಪರದೆಯ ಮೇಲೆ ಬಣ್ಣದ ಗುಂಡಿ ಮಾಡಿದವರಿಗೆ ಚಪ್ಪಾಳೆ ಸಿಗುತ್ತದೆ. ಇವರ ಹೆಸರು ಪಕ್ಕದ ಶೆಡ್ಡಿಗೂ ಗೊತ್ತಿಲ್ಲ. ಡೆಂಕಣಿಕೋಟೆ ಕಡೆಯವರು. ರಾಗಿ ಹೊಲದ ಅಟ್ಟಣೆಯ ಮೇಲೆ ಅಪ್ಪನ ಜೊತೆ ಆನೆ ಕಾಯುತ್ತಲೇ ಡಿಪ್ಲೊಮಾ ಓದಿದವರು. ನಿದ್ದೆಗೆಡುವುದು ಹೊಸದಲ್ಲ.

ಈ ಸಲದ ಚಡಪಡಿಕೆಗೆ ಕಾರಣ ಸೆಲ್ವಿ. ಎರಡು ಪ್ರೊಸೆಸರಿನ ಹೊಸ ಬೋರ್ಡು ಕೂರಿಸಿದಾಗಿನಿಂದ ಮಿಷನ್ನು ಆಗೊಮ್ಮೆ ಈಗೊಮ್ಮೆ ಕಲ್ಲಿನಂತೆ ನಿಂತುಬಿಡುತ್ತಿದೆ. ಅದನ್ನು ನಡೆಸುವ ಸೆಲ್ವಿ ತಪ್ಪು ಗುಂಡಿ ಒತ್ತುತ್ತಾಳೆಂದು ಸೂಪರ್‌ವೈಸರ್ ಮರಿಸ್ವಾಮಿ ತೀರ್ಮಾನಿಸಿಬಿಟ್ಟಿದ್ದಾರೆ. ಇವತ್ತೂ ನಿಂತರೆ ಅವಳ ಕೆಲಸ ಹೋಯಿತು.

ಮಿಷನ್ನಿನ ಎರಡು ಕೆಲಸಗಳು ಒಟ್ಟಿಗೆ ಕೈಹಾಕಿ ಕೆಡಿಸದಿರಲೆಂದು, ಅವು ಹಂಚಿಕೊಂಡ ಪ್ರತಿ ಮಾಹಿತಿ ಪಟ್ಟಿಗೂ ಕರ್ನಲ್‌ನಲ್ಲಿ ಒಂದು ಬೀಗ. ಹಿಡಿದವರು ಬಿಡುವ ತನಕ ಉಳಿದವರು ಕಾಯಬೇಕು. ಎರಡು ಬೀಗ ಬೇಕಾದಾಗಲೇ ಪೀಕಲಾಟ.

"ಬಾವಿ ತಾವ ಒಬ್ಳು ಹಗ್ಗ ಹಿಡ್ಕಂಡವ್ಳೆ, ಇನ್ನೊಬ್ಳು ಕೊಡ ಹಿಡ್ಕಂಡವ್ಳೆ. ನೀ ಕೊಡು ಅಂತ ಇವ್ಳು, ನೀ ಕೊಡು ಅಂತ ಅವ್ಳು. ನೀರು ಮಾತ್ರ ಬಾವಿಲೇ ಅದೆ," ಎಂದು ನಾರಾಯಣಮ್ಮ ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಪರದೆಯಿಂದ ಕಣ್ಣು ಕೀಳದೆ.

ಬೆಳಕು ಹರಿಯುವಷ್ಟರಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ಒಂದು ಕಡೆ ಮೊದಲು ಸೆನ್ಸರ್ ಪಟ್ಟಿಯ ಬೀಗ, ಆಮೇಲೆ ಮೋಟಾರ್ ಪಟ್ಟಿಯದು. ಇನ್ನೊಂದು ಕಡೆ ಉಲ್ಟಾ. ಎರಡನ್ನೂ ಬರೆದ ಕೈ ಇವರದೇ. ಒಂದೇ ಪ್ರೊಸೆಸರ್ ಇದ್ದಾಗ ಒಬ್ಬಳ ಕೆಲಸ ಮುಗಿದ ಮೇಲೇ ಇನ್ನೊಬ್ಬಳು ಬಾವಿಗೆ ಬರುತ್ತಿದ್ದಳು, ಹಾಗಾಗಿ ಹುಳುಕು ಹೊರಬಿದ್ದಿರಲಿಲ್ಲ. ಇನ್ನು ಮೊದಲು ಹಗ್ಗ, ಆಮೇಲೆ ಕೊಡ. ಎಲ್ಲ ಕಡೆಯೂ ಅದೇ ಕ್ರಮಕ್ಕೆ ತಿದ್ದುತ್ತಾರೆ.

ಪಾಳಿ ಮುಗಿಯುವವರೆಗೂ ಮಿಷನ್ನು ನಿಲ್ಲುವುದಿಲ್ಲ. ಅಂತೂ ನೆಟ್ಟಗೆ ಒತ್ತುವುದು ಕಲಿತೆಯಲ್ಲ ಎಂದು ಮರಿಸ್ವಾಮಿ ಸೆಲ್ವಿಯನ್ನು ಹೊಗಳುತ್ತಾರೆ. ಅವಳು ತಲೆ ತಗ್ಗಿಸುತ್ತಾಳೆ. ಸುಮ್ಮನಿದ್ದರೆ ನಾರಾಯಣಮ್ಮನ ತಪ್ಪು ಯಾರಿಗೂ ತಿಳಿಯುವಂತಿಲ್ಲ. ಆದರೆ ಅವರು ಎದ್ದು ಮಿಷನ್ನಿನ ಹತ್ತಿರ ಬರುತ್ತಾರೆ.

"ಅವ್ಳು ಮೊದ್ಲಿಂದ್ಲೂ ನೆಟ್ಟಗೇ ಒತ್ತವ್ಳೆ, ಸಾರ್. ಕೆಟ್ಟಿದ್ದು ನಾನು ಬರ್ದಿದ್ದು."

ಸೆಲ್ವಿ ತಲೆ ಎತ್ತಿ, ಇವರನ್ನು ಮೊದಲ ಸಲ ನೋಡುವವಳಂತೆ ನೋಡುತ್ತಾಳೆ.

"ಅಕ್ಕಾ, ಇದ್ರೊಳ್ಗೆ ಇರೋದು ನೀವಾ?"

"ನಾನೇ ಕಣಮ್ಮ. ಇನ್ಮೇಲೆ ನಿಂತ್ರೆ ನನ್ನೇ ಕೂಗು."